ಚಲಪತಿಯ ಹೊಟ್ಟೆಉರಿ

ತೂಬಗೆರೆಯಲ್ಲಿ ರಾಗಿ ಮಿಷನ್ ಇಟ್ಟುಕೊಂಡಿರುವ ಚಲಪತಿಗೆ ಹೊಟ್ಟೆಉರಿ ಇದೆಯೆಂದು ಮೊದಲು ಕಂಡುಹಿಡಿದವರು ನಾವು ಊರಿನವರಲ್ಲ. ಇಂಥ ವಿಷಯದಲ್ಲಿ ನಮ್ಮ ಮೂಗು ಬಹಳ ಚುರುಕು. ಆದರೂ ಈ ಒಂದು ಸಲ ನಮ್ಮನ್ನು ಹಿಂದೆ ಹಾಕಿ, ದೊಡ್ಡಬಳ್ಳಾಪುರದ ಡಾಕ್ಟರಮ್ಮ ಒಬ್ಬರು ರಕ್ತ ಪರೀಕ್ಷೆ ಮಾಡಿಸಿ ಕಂಡುಹಿಡಿದುಬಿಟ್ಟರು. ಹೊಟ್ಟೆಉರಿ ರಕ್ತದಲ್ಲಿ ಸಿಗುತ್ತದೆಂದು ಗೊತ್ತಿದ್ದರೆ ನಾವೇ ಎಂದೋ ಚಂದಾ ಎತ್ತಿ ಊರಿಗೆಲ್ಲ ಪರೀಕ್ಷೆ ಮಾಡಿಸುತ್ತಿದ್ದೆವು.

ತಮಾಷೆ ಎಂದರೆ, ಚಲಪತಿ ತನ್ನ ಮಿಷನ್ ಬಾಗಿಲ ಮೇಲೆ ಹಳದಿ ಪೇಂಟಿನಲ್ಲಿ ‘ಹೊಟ್ಟೆಕಿಚ್ಚಿಗೆ ಮದ್ದಿಲ್ಲ’ ಎಂದು ಬರೆಸಿದ್ದ. ಅದು ಯಾರಿಗೆ ಎಂದು ಕೇಳಿದರೆ, "ಯಾರಿಗೆ ಓದೋಕ್ ಬರ್ತದೋ ಅವ್ರಿಗೆ" ಎನ್ನುತ್ತಿದ್ದ. ತನಗೆ ಮಾತ್ರ ಆ ಕಾಯಿಲೆ ಇಲ್ಲವೆಂದು ಅವನಿಗೆ ಖಾತ್ರಿ. "ನಂಗೆ ಬೆಳಗ್ಗೆ ಬೇಕರಿ ಬನ್ನು, ಸಂಜೆ ಬಜ್ಜಿ. ಇನ್ನೊಬ್ರ ಐಶ್ವರ್ಯ ಕಟ್ಕೊಂಡು ಏನಾಗ್ಬೇಕು ನಂಗೆ?" ಎಂದು ಹಿಟ್ಟು ಮೆತ್ತಿದ ಮೀಸೆಯಲ್ಲಿ ನಗುತ್ತಿದ್ದ.

ಬನ್ನು, ಬಜ್ಜಿ ಬಿಟ್ಟರೆ ಅವನಿಗೆ ಇನ್ನೊಂದು ಆಸೆ ಇತ್ತು. ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಅವನ ಅಕ್ಕ ಮುನಿವೆಂಕಟಮ್ಮ.

ತಾಯಿ ತೀರಿಕೊಂಡಾಗ ಚಲಪತಿ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಈ ಅಕ್ಕ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಗೆ, ವೆಂಕಟರಾಯಪ್ಪ ಎಂಬವನಿಗೆ ಅವಳನ್ನು ಕೊಟ್ಟಿದ್ದರು. ಚಲಪತಿ ವಾರಕ್ಕೊಮ್ಮೆ ಏನಾದರೊಂದು ನೆಪ ಮಾಡಿಕೊಂಡು ಅಲ್ಲಿಗೆ ಹೋಗಿ ಉಂಡು ಬರುತ್ತಿದ್ದ. ಅದೆಲ್ಲ ಆರು ವರ್ಷದ ಹಿಂದೆ, ಅಕ್ಕನ ಮಗಳು ಮೋನಿಷಾಳ ಮದುವೆಯವರೆಗೆ.

ನಮ್ಮ ಕಡೆ ಮದುವೆಯಲ್ಲಿ ಸೋದರಮಾವನದು ದೊಡ್ಡ ಪಾತ್ರ. ಹೆಣ್ಣಿನ ಕೈಹಿಡಿದು ಮಂಟಪಕ್ಕೆ ಕರೆತರುವವನು ಅವನೇ. ಅದಕ್ಕೆಂದೇ ಚಲಪತಿ ಜರಿಯಂಚಿನ ಶಲ್ಯ ಹೊದ್ದು ಬೆಳಗ್ಗಿನಿಂದ ಛತ್ರದ ತುಂಬ ಓಡಾಡಿದ್ದ. ಮುಹೂರ್ತದ ಹೊತ್ತಿಗೆ ಪುರೋಹಿತರು "ಸೋದರಮಾವ ಎಲ್ಲಿ?" ಎಂದು ಕೂಗಿದರೆ ಆಸಾಮಿ ಇಲ್ಲ. ಹುಡುಕಿದರು, ಮೈಕಿನಲ್ಲಿ ಕರೆದರು. ಮುಹೂರ್ತ ಮೀರುತ್ತದೆಂದು ವೆಂಕಟರಾಯಪ್ಪ ಊಟದ ಪಂಕ್ತಿಯಲ್ಲಿದ್ದ ದೂರದ ನಂಟನೊಬ್ಬನನ್ನು ಕೈ ತೊಳೆಸಿ ಎಳೆದುತಂದು ಸೋದರಮಾವನನ್ನಾಗಿ ಮಾಡಿದ. ತಾಳಿ ಕಟ್ಟಿ ಗಟ್ಟಿಮೇಳ ನಿಂತ ಮೇಲೆ ಚಲಪತಿ ಕಾಣಿಸಿಕೊಂಡ. ಬೀಗರೆಲ್ಲರ ಎದುರಿಗೆ ಭಾವ ಕೇಳಿದ, "ಎಲ್ಲ್ ಹಾಳಾಗೋಗಿದ್ಯೋ?" ಚಲಪತಿ ಎಲ್ಲಿದ್ದನೆಂದು ಹೇಳಲಿಲ್ಲ. "ಐದು ನಿಮಿಷ ಕಾಯೋಕಾಗ್ಲಿಲ್ವಾ ನಿಮ್ಗೆ? ನಂಗೂ ಮಾನ ಮರ್ಯಾದೆ ಐತೆ. ಹೋಗ್ತೀನಿ" ಎಂದ. ಹೋಗ್ಬರ್ತೀನಿ ಎನ್ನಲಿಲ್ಲ, ಹೋಗ್ತೀನಿ ಎಂದ. ನಮ್ಮಲ್ಲಿ ಹಾಗೆ ಹೇಳಿ ಹೋದವರನ್ನು ಯಾರೂ ಹಿಂದಕ್ಕೆ ಕರೆಯುವುದಿಲ್ಲ, ಹೋದವರೂ ಹಿಂದಿರುಗಿ ನೋಡುವುದಿಲ್ಲ.

ಆಮೇಲೆ ಗೌರಿಹಬ್ಬಕ್ಕೆ ತವರಿನ ಬಾಗಿನ ಮಾತ್ರ ತಪ್ಪಲಿಲ್ಲ. ಹೆಂಡತಿ ಅಂಜಿನಮ್ಮ ಪ್ರತಿವರ್ಷ ಮೊರ ಹೊತ್ತು ಎರಡು ಬಸ್ಸು ಬದಲಾಯಿಸಿ ಹೋಗಿ ಕೊಟ್ಟು ಬರುತ್ತಿದ್ದಳು. ಬರುವಾಗ ಅಕ್ಕ ಕ್ಯಾರಿಯರ್ ತುಂಬ ಒಬ್ಬಟ್ಟಿನ ಸಾರು ಕಳಿಸುತ್ತಿದ್ದಳು. ಚಲಪತಿ ಅದನ್ನು ನೋಡಿ, "ಯಾರಿಗ್ ಬೇಕಾಗಿತ್ತು ಇದು?" ಎಂದು ಮುಖ ತಿರುಗಿಸುತ್ತಿದ್ದ. ಅಂಜಿನಮ್ಮ ನೀರಿಗೆಂದು ಆಚೆ ಹೋಗಿ ಬರುವಷ್ಟರಲ್ಲಿ ಕ್ಯಾರಿಯರ್ ತೊಳೆದಿಟ್ಟಷ್ಟು ಚೊಕ್ಕಟವಾಗಿರುತ್ತಿತ್ತು. ಬೆಕ್ಕು ಕುಡಿಯಿತು ಎನ್ನುತ್ತಿದ್ದ. ಆ ಮನೆಯಲ್ಲಿ ಬೆಕ್ಕಿರಲಿಲ್ಲ.

ಈ ವರ್ಷ ಶ್ರಾವಣದ ಹೊತ್ತಿಗೆ ಚಲಪತಿಗೆ ಹೊಟ್ಟೆ ಉಬ್ಬರ, ದಾಹ, ಸುಸ್ತು ಎಲ್ಲ ಒಟ್ಟಿಗೆ ಬಂದವು. ಹಿತ್ತಲಿಗೆ ಓಡುವುದು ಅವನಿಗೆ ಹಳೆಯ ಅಭ್ಯಾಸ. ಈಗ ಮಿಷನ್ನಿನ ಬೆಲ್ಟು ತಿರುಗುತ್ತಿದ್ದಂತೆಯೇ ಬಿಟ್ಟು ಓಡತೊಡಗಿದ. ಅಂಜಿನಮ್ಮ ಅವನನ್ನು ದೊಡ್ಡಬಳ್ಳಾಪುರಕ್ಕೆ ಎಳೆದುಕೊಂಡು ಹೋದಳು.

ಡಾಕ್ಟರ್ ಅರ್ಪಿತ ಬಹಳ ಓದಿದವರು. ಓದೆಲ್ಲ ಇಂಗ್ಲಿಷಿನಲ್ಲಿ ಆಗಿದ್ದರಿಂದ ಕನ್ನಡವನ್ನು ಒಂದೊಂದೇ ಪದ ಹೆಕ್ಕಿ ಜೋಡಿಸಿ ಆಡುತ್ತಿದ್ದರು. ರಿಪೋರ್ಟುಗಳನ್ನು ನೋಡಿ ಹೇಳಿದರು:

"ಚಲಪತಿಯವರೇ, ಶುಗರ್ ಬಾರ್ಡರ್ ದಾಟ್ತಾ ಇದೆ. ಆದ್ರೆ ಅದಕ್ಕಿಂತ ಮೊದ್ಲಿಂದ ನಿಮಗೆ ಒಳಗೊಳಗೇ ಹೊಟ್ಟೆ ಉರಿ ಇದೆ. ಬಹಳ ವರ್ಷದ್ದು."

ಚಲಪತಿ ಬಾಗಿಲ ಕಡೆ ನೋಡಿದ. "ಯಾರ್ ಹೇಳಿದ್ರು ಮೇಡಂ?"

"ರಿಪೋರ್ಟ್ ಹೇಳುತ್ತೆ. ಹೊಟ್ಟೆ ಉರಿಗೂ ಶುಗರ್‌ಗೂ ನಂಟಿದೆ. ಇನ್ಸುಲಿನ್ ಅಂತ ಒಂದಿರುತ್ತೆ. ಅದು ಸಕ್ಕರೇನ ಕರ್ಕೊಂಡು ಹೋಗಿ ಮೈಯಲ್ಲಿರೋ ಒಂದೊಂದು ಮನೆ ಬಾಗಿಲೂ ತಟ್ಟುತ್ತೆ. ಬಾಗಿಲು ತೆಗೆದ್ರೆ ಸಕ್ಕರೆ ಒಳಗೆ ಹೋಗುತ್ತೆ. ಆದ್ರೆ ಹೊಟ್ಟೆ ಉರಿ ಇದ್ರೆ, ಎಷ್ಟು ತಟ್ಟಿದ್ರೂ ಬಾಗಿಲು ತೆಗೆಯೋದಿಲ್ಲ. ಸಿಹಿ ಎಲ್ಲ ಬೀದೀಲೇ ನಿಂತ್ಬಿಡುತ್ತೆ."

ತಟ್ಟಿದರೂ ತೆಗೆಯದ ಬಾಗಿಲೆಂದರೆ ಚಲಪತಿಗೆ ನೆನಪಾಗುವುದು ಒಂದೇ ಮನೆ. ಅವನು ಆ ಬಾಗಿಲನ್ನು ತಟ್ಟಿ ನೋಡಿರಲಿಲ್ಲ ಎಂಬುದು ಬೇರೆ ಮಾತು. ಅವನ ಕಣ್ಣು ತುಂಬಿತು. ಡಾಕ್ಟರು ಅದನ್ನು ಶುಗರಿನ ಲಕ್ಷಣವೆಂದುಕೊಂಡು ಕಣ್ಣಿನ ಪರೀಕ್ಷೆಗೂ ಬರೆದರು.

"ಭಯ ಬೇಡ. ಮಾತ್ರೆ ತಗೊಳ್ಳಿ, ಬನ್ನು ಬಜ್ಜಿ ಬಿಡಿ, ಸೊಪ್ಪು ಕಾಳು ತಿನ್ನಿ, ನಡೀರಿ. ಮುಖ್ಯವಾಗಿ ಹೊಟ್ಟೆ ಉರಿ ಕಮ್ಮಿ ಮಾಡ್ಕೊಳ್ಳಿ."

ವಾಪಸ್ಸು ಬರುವ ಬಸ್ಸಿನಲ್ಲಿ ಅಂಜಿನಮ್ಮ ರಿಪೋರ್ಟುಗಳನ್ನು ತಿರುವಿ ತಿರುವಿ ನೋಡಿದಳು. ಬಸ್ಸಿನಲ್ಲಿ ಅರ್ಧಕ್ಕರ್ಧ ನಮ್ಮೂರಿನವರೇ. ಕೊನೆಗೆ ತಡೆಯಲಾರದೆ ಕೇಳಿದಳು, "ಏನ್ರೀ, ಯಾರ್ ಮೇಲ್ರೀ ನಿಮ್ಗೆ ಅಷ್ಟೊಂದು ಹೊಟ್ಟೆಉರಿ?"

ಅವಳು ಮೆಲ್ಲಗೇ ಕೇಳಿದ್ದಳು. ಆದರೆ ಅದೇ ಕ್ಷಣಕ್ಕೆ ಡ್ರೈವರ್ ಇಂಜಿನ್ ಆಫ್ ಮಾಡಿದ್ದ.

ಚಲಪತಿ ಒಳ್ಳೆಯ ಮನುಷ್ಯ. ಒಳ್ಳೆಯವರಿಂದಾಗುವಷ್ಟು ತೊಂದರೆ ಕೆಟ್ಟವರಿಂದ ಆಗುವುದಿಲ್ಲ. ಪರೀಕ್ಷೆಯೇ ಹೇಳಿದ ಮೇಲೆ ಯಾರ ಮೇಲೋ ಹೊಟ್ಟೆಉರಿ ಇರಲೇಬೇಕು, ಯಾರ ಮೇಲೆಂದು ತನಗೇ ಗೊತ್ತಾಗುತ್ತಿಲ್ಲ. ಆದ್ದರಿಂದ ಎಲ್ಲರನ್ನೂ ಕ್ಷಮೆ ಕೇಳಿಬಿಟ್ಟರೆ ಒಂದಲ್ಲ ಒಂದು ಕಡೆ ಗುರಿ ತಾಗುತ್ತದೆ ಎಂದು ಅವನು ತೀರ್ಮಾನಿಸಿದ. ಮೊದಲು ಎದುರುಮನೆ ಮುತ್ತಮ್ಮನ ಹಟ್ಟಿಗೆ ಹೋದ.

"ಮುತ್ತಮ್ಮ, ನಿನ್ ಸೀಮೆಹಸ ನೋಡಿ ನಂಗೆ ಹೊಟ್ಟೆಉರಿ ಇದ್ರೂ ಇರ್ಬೋದು. ಸರಿಯಾಗ್ ಗೊತ್ತಿಲ್ಲ. ಇದ್ರೆ ಮನಸ್ನಾಗ್ ಇಟ್ಕೋಬೇಡ."

ಮುತ್ತಮ್ಮ ಹಾಲು ಕರೆಯುತ್ತಿದ್ದವಳು ಸೆರಗಿನಿಂದ ಹಸುವಿನ ಕೆಚ್ಚಲು ಮುಚ್ಚಿದಳು. "ಅದ್ಕೇ ಅಂತೀನಿ! ಡೇರಿನಾಗೆ ಹಾಲು ಕಮ್ಮಿ ಬರ್ತೈತೆ, ಕಮ್ಮಿ ಬರ್ತೈತೆ ಅಂತ ಕಾರ್ಯದರ್ಶಿ ಬೈತಾನೇ ಅವ್ನೆ. ನಿನ್ ಕಣ್ಣೇನಪ್ಪಾ ಅದು!"

ಹಸುವಿನ ಕೊರಳಿಗೆ ಒಣಮೆಣಸಿನಕಾಯಿ, ನಿಂಬೆಹಣ್ಣು ಬಂದವು. ಹಸು ಕೊರಳು ತಿರುಗಿಸಿ ಎರಡನ್ನೂ ತಿಂದಿತು. ಮರುದಿನ ಹಾಲು ಇನ್ನೂ ಕಮ್ಮಿಯಾಯಿತು. ಅದೂ ಚಲಪತಿಯ ತಲೆಗೇ ಬಂತು.

ಚಲಪತಿ ಮನೆಮನೆ ತಿರುಗಿ ಕ್ಷಮೆ ಕೇಳುತ್ತಾ ಹೋದಂತೆ ಊರಿನಲ್ಲಿ ದೃಷ್ಟಿಗೊಂಬೆಗಳು ಹೆಚ್ಚಿದವು. ಅವನು ಎದುರಿಗೆ ಬಂದರೆ ಹೆಂಗಸರು ಮಕ್ಕಳ ಮುಖ ಮುಚ್ಚುತ್ತಿದ್ದರು. ರಾಗಿ ತಂದವರು ಚೀಲವನ್ನು ಹೊಸಿಲ ಆಚೆಯಿಂದಲೇ ಒಳಕ್ಕೆ ದೂಕಿ, ತಾವು ಗೋಡೆಯ ಮರೆಯಲ್ಲಿ ನಿಂತು "ನುಣ್ಣಗ್ ಬೀಸಪ್ಪಾ" ಎನ್ನುತ್ತಿದ್ದರು. ಬಾಗಿಲ ಮೇಲಿನ ಹಳದಿ ಅಕ್ಷರ ಓದಿ ಕಿಸಕ್ಕನೆ ನಗುವುದಂತೂ ಇದ್ದೇ ಇತ್ತು.

ಇಷ್ಟರಲ್ಲಿ ಊರಿನ ಒಬ್ಬ ದೊಡ್ಡಮನುಷ್ಯನಿಗೆ ಘೋರ ಅವಮಾನವಾಗಿತ್ತು. ಮೂರಂತಸ್ತಿನ ಮನೆಯ ದೊಡ್ಡಮುನಿಯಪ್ಪ ಎರಡು ದಿನದಿಂದ ಹೆಂಡತಿಗೆ ಕಾಫಿ ಡಿಕಾಕ್ಷನ್ ಇಳಿಸಿಡಲು ಹೇಳಿ ವರಾಂಡದಲ್ಲಿ ಕೂತಿದ್ದ. ಚಲಪತಿ ಅವನ ಮನೆಗೆ ಬರಲೇ ಇಲ್ಲ. ಮೂರನೆಯ ದಿನ ದೊಡ್ಡಮುನಿಯಪ್ಪ ಕೂಗಳತೆಯಲ್ಲಿದ್ದ ಮಿಷನ್ನಿಗೆ ಹೊಸ ಕಾರಿನಲ್ಲಿ ಬಂದಿಳಿದ.

"ಊರಲ್ಲಿ ಎಲ್ಲಾರ್ ಮನೇಗೂ ಹೋಗಿದ್ಯಂತೆ?"

"ಹೂಂ ಮುನಿಯಣ್ಣ."

"ಮುತ್ತಮ್ಮನ ಹಸದ ಮೇಲೂ ಹೊಟ್ಟೆಉರಿನಂತೆ?"

"ಇದ್ರೂ ಇರ್ಬೋದು ಅಂತ..."

"ನನ್ ಕಾರ್ ಮೇಲೆ?"

ಚಲಪತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾರನ್ನು ಮುಂದಿನಿಂದ ಹಿಂದಿನವರೆಗೆ ಪ್ರಾಮಾಣಿಕವಾಗಿ ನೋಡಿದ. "ಇಲ್ಲ ಮುನಿಯಣ್ಣ. ಏನೂ ಅನ್ನಿಸ್ತಿಲ್ಲ."

"ಸರಿಯಾಗ್ ನೋಡ್ಲಾ! ಮೇಲ್ಗಡೆ ಗಾಜು ತೆಕ್ಕೊತದೆ."

"ಅಯ್ಯೋ, ತಲೆ ಮೇಲೆ ಬಿಸ್ಲು ಬೀಳಲ್ವಾ?"

ದೊಡ್ಡಮುನಿಯಪ್ಪ ತನ್ನ ಮನೆಯ ಕಡೆ ಕೈ ತೋರಿಸಿದ. "ಮನೆ ಮೇಲಾದ್ರೂ? ಮೂರ್ನೇ ಮಹಡಿ ಯಾಕ್ ಹಾಕ್ಸಿದೆ ಅನ್ಕೊಂಡಿದ್ಯ?"

"ಬಾಡಿಗೆಗೆ ಅನ್ಕೊಂಡಿದ್ದೆ."

ಒಬ್ಬ ಮನುಷ್ಯ ಜೀವಮಾನವೆಲ್ಲ ಹೆಣಗಿ ಮನೆ ಕಟ್ಟಿ, ಕಾರು ಕೊಂಡು, ಪಕ್ಕದವನು ಹೊಟ್ಟೆ ಉರಿದುಕೊಳ್ಳದೆ ಹೋದರೆ ಅವನು ಯಾರ ಹತ್ತಿರ ಹೇಳಿಕೊಳ್ಳಬೇಕು? ದೊಡ್ಡಮುನಿಯಪ್ಪ ಪಂಚಾಯಿತಿ ಮೆಂಬರ್ ನವೀನ್‌ಕುಮಾರನ ಹತ್ತಿರ ಹೇಳಿಕೊಂಡ. ಒಂದು ಹಸುವಿಗೆ ಸಿಕ್ಕ ಮರ್ಯಾದೆ ತನಗೆ ಸಿಗಲಿಲ್ಲವೆಂಬುದು ಅವನ ದೂರಿನ ಸಾರಾಂಶ.

ನವೀನ್‌ಕುಮಾರ್ ಮುಂದಿನ ಭಾನುವಾರ ಬೆಳಗ್ಗೆ ಅರಳಿಕಟ್ಟೆಗೆ ಎಲ್ಲರನ್ನೂ ಕರೆಸಿದ. ಹಸುವಿನ ಕಡೆಯವರು ಒಂದು ಬದಿ, ಕಾರಿನ ಕಡೆಯವರು ಇನ್ನೊಂದು ಬದಿ. ಚಲಪತಿಗೆ ಕೂರಲು ಜಾಗವನ್ನೇನೋ ಕೊಟ್ಟರು, ಆದರೆ ಮುಖ ಕೆರೆಯ ಕಡೆಗಿರಲಿ, ಊರಿನ ಕಡೆ ಬೇಡ ಎಂದರು.

"ಚಲಪತಣ್ಣ, ಬೇಜಾರ್ ಮಾಡ್ಕೋಬೇಡ. ಊರಿಗೆ ಊರೇ ಟೆನ್ಷನ್‌ನಲ್ಲಿದೆ" ಎಂದ ನವೀನ್‌ಕುಮಾರ್. "ಯಾರ್ ಮೇಲೆ ಅಂತ ಒಂದ್ ಹೆಸ್ರು ಹೇಳ್ಬಿಡು. ಮಿಕ್ಕಿದ್ದವ್ರು ಆರಾಮಾಗಿರ್ತಾರೆ."

ಚಲಪತಿ ಕೆರೆಯ ಕಡೆ ನೋಡುತ್ತ ಕೂತ. ಗೌರಿಹಬ್ಬ ಹತ್ತಿರ ಬಂದಿತ್ತು. ಯಾರದೋ ಮನೆಯಲ್ಲಿ ಬೇಳೆ ಬೇಯುವ ವಾಸನೆ ಗಾಳಿಯಲ್ಲಿತ್ತು. ಅವನು ಬಾಯಿ ತೆರೆದ. ಏನು ಹೇಳುತ್ತೇನೆಂದು ಅವನಿಗೂ ಗೊತ್ತಿರಲಿಲ್ಲ.

"ವೆಂಕಟರಾಯಪ್ಪನ ಮೇಲೆ."

"ಯಾರು, ನಿಮ್ ಭಾವನ್ ಮೇಲಾ? ಅಂಥಾದ್ದೇನಿದೆ ಅವ್ರ ಹತ್ರ?"

"ದಿನಾ ನಮ್ಮಕ್ಕನ ಕೈಲಿ ಸಾರು ಬಿಡಿಸ್ಕೊಂಡು ಉಣ್ತಾನೆ ಕಣಪ್ಪಾ" ಎಂದ ಚಲಪತಿ. "ಬಿಸಿ ಮುದ್ದೆ ಮುರ್ಕೊಂಡು, ಸಾಕು ಅಂದ್ರೂ ಅವ್ಳು ಇನ್ನೊಂದ್ ಸೌಟು ಬಿಡ್ತಾಳೆ. ನಾನಿಲ್ಲಿ ಕ್ಯಾರಿಯರ್ ನೆಕ್ತೀನಿ. ಅಕ್ಕನ್ ನೋಡಿ ಆರು ವರ್ಷ ಆಯ್ತು."

ಮುತ್ತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳಿಗೂ ತವರಿತ್ತು. ದೊಡ್ಡಮುನಿಯಪ್ಪ ಮಾತ್ರ ಪಕ್ಕದವನ ಕಿವಿಯಲ್ಲಿ, "ಮೂರ್ ಮಹಡಿ ಬಿಟ್ಟು ಸಾರಿಗೇನ್ಲಾ?" ಎಂದ.

ಮಾರನೆಯ ದಿನ ಅಂಜಿನಮ್ಮ ಒಬ್ಬಳೇ ಡಾಕ್ಟರ್ ಹತ್ತಿರ ಹೋದಳು. ಭಾವನ ಮೇಲಿನ ಹೊಟ್ಟೆಉರಿ ಇಳಿಸಲು ಈ ಮಾತ್ರೆ ಸಾಕೋ, ಪವರ್ ಜಾಸ್ತಿ ಮಾಡಬೇಕೋ ಎಂದು ಕೇಳಿದಳು. ಡಾಕ್ಟರ್ ಅರ್ಪಿತ ಎರಡು ಸಲ ಕೇಳಿಸಿಕೊಂಡು, ಹೊರಗಿನ ನರ್ಸನ್ನು ಕರೆದು ಅರ್ಥ ಕೇಳಿ, ಆಮೇಲೆ ಹಣೆ ಹಿಡಿದುಕೊಂಡರು.

"ಅಯ್ಯಯ್ಯೋ, ಜೆಲಸಿ ಅಲ್ಲಮ್ಮ! ಕರುಳು, ಕರುಳಿನ ಒಳಗೋಡೆ ಕೆಂಪಾಗಿ ಊದಿಕೊಂಡಿದೆ. ಉರಿಯೂತ. ಆ ಗೋಡೆ ಸಡಿಲ ಆದ್ರೆ ರಕ್ತಕ್ಕೆ ಸೇರಬಾರದ್ದೆಲ್ಲ ಸೇರುತ್ತೆ, ಮೈಯೆಲ್ಲ ಸಣ್ಣಗೆ ಬೇಗುದಿ. ಆಗ ಇನ್ಸುಲಿನ್ ಮಾತು ನಡೆಯಲ್ಲ. ಅಷ್ಟೇ ನಾನು ಹೇಳಿದ್ದು. ಮೊದಲು ಹೋಗಿ ನಿಮ್ಮ ಯಜಮಾನರಿಗೆ ಹೇಳಿ, ಅವರಿಗೆ ಯಾರ ಮೇಲೂ ಏನೂ ಇಲ್ಲ ಅಂತ."

"ಆಯ್ತು ಡಾಕ್ಟ್ರಮ್ಮ" ಎಂದಳು ಅಂಜಿನಮ್ಮ. ದಾರಿಯುದ್ದಕ್ಕೂ ಯೋಚಿಸಿದಳು. ಮನೆಗೆ ಬಂದು ಗಂಡನಿಗೆ ಹೇಳಿದಳು:

"ಡಾಕ್ಟ್ರು ಬೋ ಗಾಬರಿ ಬಿದ್ರು ಕಣ್ರೀ. ಮಾತ್ರೆ ಅರ್ಧ ಕೆಲ್ಸ ಮಾಡ್ತದಂತೆ. ಮಿಕ್ಕಿದ್ದು, ಯಾರ್ ಮೇಲ್ ಹೊಟ್ಟೆಉರಿನೋ ಅವ್ರ ಮನೆಗೇ ಹೋಗಿ, ಅವ್ರ ಮುಂದೇನೇ ಹೇಳಿ, ಅಲ್ಲೇ ಉಂಡು ಬರ್ಬೇಕಂತೆ. ಹಬ್ಬದೊಳ್ಗೆ."

ಇಷ್ಟು ವರ್ಷ ಮರ್ಯಾದೆಯ ಮಾತಿಗೆ ಜಗ್ಗದ ಚಲಪತಿ ಡಾಕ್ಟರ ಮಾತಿಗೆ ಜಗ್ಗಿದ. ಗಂಡಸರನ್ನು ಬಗ್ಗಿಸಲು ನಮ್ಮ ಕಡೆ ಇಂಥದೊಂದು ನೆಪ ಬೇಕೇ ಬೇಕು, ಇಲ್ಲದಿದ್ದರೆ ಸೊಂಟ ಮುರಿದರೂ ಬಗ್ಗುವವರಲ್ಲ.

ಗೌರಿಹಬ್ಬದ ಬೆಳಗ್ಗೆ ಟಿವಿಎಸ್ ಗಾಡಿಯಲ್ಲಿ ಇಬ್ಬರೂ ಹೊರಟರು. ಅಂಜಿನಮ್ಮನ ತೊಡೆಯ ಮೇಲೆ ಅರಿಶಿನ ಬಳಿದ ಜೋಡಿಮೊರ, ಒಳಗೆ ಬಳೆ, ಕುಂಕುಮ, ರವಿಕೆ ಕಣ, ಬೇಳೆ, ಬೆಲ್ಲ. ದೇವನಹಳ್ಳಿ ದಾಟಿದ ಮೇಲೆ ಚಲಪತಿ ಎರಡು ಸಲ ಗಾಡಿ ನಿಲ್ಲಿಸಿ, "ಪೆಟ್ರೋಲ್ ಸಾಲಲ್ಲ ಅನ್ನಿಸ್ತದೆ, ವಾಪಸ್ ಹೋಗೋಣ" ಎಂದ. "ತಳ್ಕೊಂಡಾದ್ರೂ ಹೋಗೋಣ" ಎಂದಳು ಅಂಜಿನಮ್ಮ.

ಸುದ್ದಿ ಇವರಿಗಿಂತ ಮೊದಲೇ ತಲುಪಿತ್ತು. ಬಾಮೈದನಿಗೆ ತನ್ನ ಮೇಲೆ ಡಾಕ್ಟರೇ ಬರೆದುಕೊಟ್ಟಿರುವಂಥ ಹೊಟ್ಟೆಉರಿ ಇದೆಯೆಂದು ತಿಳಿದ ವೆಂಕಟರಾಯಪ್ಪ, ಗಾಡಿಯ ಸದ್ದು ಕೇಳಿದ್ದೇ ನಡುಮನೆಯ ಹೊಸ ಟೀವಿಗೆ ಟವೆಲ್ ಹೊದಿಸಿ ಬಾಗಿಲಿಗೆ ಅಡ್ಡ ಬಂದು ನಿಂತಿದ್ದ.

"ಏನ್ ಬಾಮೈದ, ಟೀವಿ ಮೇಲಂತೆ?"

"ಅಲ್ಲ ಭಾವ." ಚಲಪತಿ ಹೊಸಿಲಿಂದ ಈಚೆಗೇ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. "ನೀವು ದಿನಾ ನಮ್ಮಕ್ಕನ ಕೈ ಅಡುಗೆ ಉಣ್ತೀರಲ್ಲಾ, ಅದ್ರ ಮೇಲೆ. ನಂಗದು ತಡ್ಕೊಳಕ್ಕಾಗ್ತಿಲ್ಲ. ಡಾಕ್ಟ್ರು ನಿಮ್ ಮುಂದೇನೇ ಹೇಳು ಅಂದವ್ರೆ."

ಅಷ್ಟರಲ್ಲಿ ವೆಂಕಟರಾಯಪ್ಪನ ಹಿಂದಿನಿಂದ ಮುನಿವೆಂಕಟಮ್ಮ ಬಂದಳು. ತಲೆ ಪೂರ್ತಿ ನೆರೆತಿತ್ತು. ಅದನ್ನು ಚಲಪತಿ ನೋಡಿರಲಿಲ್ಲ. ಕೈಯಲ್ಲಿ ಲಟ್ಟಣಿಗೆ ಹಾಗೆಯೇ ಇತ್ತು.

"ಹೊಟ್ಟೆಉರಿ ನಿಂಗೇನೋ?" ಎಂದಳು. "ಆರು ವರ್ಷದಿಂದ ನನ್ ಹೊಟ್ಟೆ ಉರ್ಸಿದ್ಯಲ್ಲೋ ಪಾಪಿ! ಬಾಗಿನ ಬರ್ತದೆ, ತಮ್ಮ ಬರಲ್ಲ. ಮೊರ ತೆಗ್ದು ನೋಡ್ದಾಗೆಲ್ಲ ಕರುಳು ಕಿತ್ತು ಬರ್ತಿತ್ತು. ಹೇಳು, ಎಲ್ಲೋಗಿದ್ದೆ ಅವತ್ತು ಮದ್ವೇಲಿ? ಮಗು ನಿನ್ ದಾರಿ ನೋಡ್ಕೊಂಡು ಕೈ ಚಾಚ್ಕೊಂಡೇ ನಿಂತಿತ್ತು ಕಣೋ. ನಮ್ಮೇಲ್ ಏನ್ ಸಿಟ್ಟಿತ್ತು ನಿಂಗೆ?"

ಚಲಪತಿ ಚಪ್ಪಲಿ ನೋಡುತ್ತ ನಿಂತ. ಆಮೇಲೆ ಏನೋ ಗೊಣಗಿದ.

"ಗಟ್ಟಿಯಾಗ್ ಹೇಳು!"

"ಪಾಯಖಾನೇಲಿದ್ದೆ ಅಕ್ಕ."

ಅಂಜಿನಮ್ಮನ ಕೈಯಲ್ಲಿದ್ದ ಮೊರ ಜಾರುವುದರಲ್ಲಿತ್ತು. ಅವಳಿಗೂ ಇದು ಹೊಸದು.

"ಬೆಳಗ್ಗೆಯಿಂದ ಹೊಟ್ಟೆ ಕೆಟ್ಟಿತ್ತು. ಮೈಕಲ್ಲಿ ಕರೀತಿದ್ದಿದ್ದು ಕೇಳಿಸ್ತಿತ್ತು. ಏಳೋಹಂಗಿಲ್ಲ, ಕೂತ್ಕೊಳೋಹಂಗಿಲ್ಲ. ಗಟ್ಟಿಮೇಳ ಕೇಳಿಸ್ತು, ಅಲ್ಲೇ ಕೂತ್ಕೊಂಡು ಅತ್ತೆ."

"ಅದನ್ನ ಅವತ್ತೇ ಹೇಳೋದಲ್ವಾ ಮಾರಾಯ!" ಎಂದ ವೆಂಕಟರಾಯಪ್ಪ.

"ಬೀಗರ ಮುಂದೆ, ಜರಿ ಶಲ್ಯ ಹೊದ್ಕೊಂಡು ಹೆಂಗ್ ಹೇಳ್ಲಿ ಭಾವ?"

ಮುನಿವೆಂಕಟಮ್ಮ ನಗಲು ಶುರುಮಾಡಿದಳು. ಲಟ್ಟಣಿಗೆ ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತ ಅದು ಅಳುವಾಯಿತು. "ನಿನ್ನ ತೊಳ್ದು ಬಳ್ದು ಸಾಕ್ದೋಳು ನಾನು. ಬೀಗ್ರಿಗ್ ಬೇಡ ಕಣೋ, ನನ್ ಕಿವೀಲ್ ಹೇಳೋಕೇನಾಗಿತ್ತು?" ಎಂದು ಅವನ ಕೈಹಿಡಿದು ಒಳಗೆ ಎಳೆದುಕೊಂಡಳು. ವೆಂಕಟರಾಯಪ್ಪ ದಾರಿ ಬಿಟ್ಟು ನಿಂತ. ಹೋಗಿ ಟೀವಿಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ.

ಬಾಗಿನ ಕೊಟ್ಟಾಯಿತು, ಎಲೆ ಹಾಕಿದರು. ಅಕ್ಕ ಒಬ್ಬಟ್ಟನ್ನು ಕಾಲುಭಾಗ ಮುರಿದು ಚಲಪತಿಗೆ ಬಡಿಸಿದಳು. ಅದಕ್ಕಿಂತ ಹೆಚ್ಚಿಗೆ ಅಂಜಿನಮ್ಮ ಬಿಡಲಿಲ್ಲ. ಕೋಸಂಬರಿ, ಪಲ್ಯ ಮಾತ್ರ ಅಕ್ಕ ಗುಡ್ಡೆ ಹಾಕಿದಳು. ಬಿಸಿ ಮುದ್ದೆ ಬಂತು. ಒಬ್ಬಟ್ಟಿನ ಸಾರು ಕ್ಯಾರಿಯರಿನಿಂದಲ್ಲ, ಪಾತ್ರೆಯಿಂದಲೇ, ಅಕ್ಕನ ಕೈಯಿಂದಲೇ, ಎಲೆಗೆ ಬಿತ್ತು. ಚಲಪತಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ಬಾಯಿಗಿಡಬೇಕು, ಅಷ್ಟರಲ್ಲಿ ಅವನ ಹೊಟ್ಟೆ ಗುಡುಗಿತು.

ಮಾತ್ರೆ ಇನ್ನೂ ಕೆಲಸ ಮುಗಿಸಿರಲಿಲ್ಲ. ಚಲಪತಿ ತುತ್ತನ್ನು ಎಲೆಯ ಮೇಲಿಟ್ಟು ಎದ್ದು ನಿಂತ. ಎಲ್ಲರೂ ಅವನನ್ನೇ ನೋಡಿದರು. ಅಕ್ಕನ ಸೌಟು ಗಾಳಿಯಲ್ಲೇ ನಿಂತಿತು.

"ಹಿತ್ಲಿಗೆ" ಎಂದ ಚಲಪತಿ. ಎರಡು ಹೆಜ್ಜೆ ಓಡಿ, ನೆನಪಾಗಿ, ಹಿಂದಿರುಗಿ ನಿಂತ. "ಹೋಗ್ಬರ್ತೀನಿ ಅಕ್ಕ."

"ಹೋಗ್ಬಾ" ಎಂದಳು ಮುನಿವೆಂಕಟಮ್ಮ. "ಕಾಯ್ತೀವಿ."

ಅವನು ಕೈಕಾಲು ತೊಳೆದು ಬರುವ ಹೊತ್ತಿಗೆ ಸಾರು ಆರಿತ್ತು. ಯಾರೂ ಒಂದು ತುತ್ತನ್ನೂ ಮುಟ್ಟಿರಲಿಲ್ಲ. ವೆಂಕಟರಾಯಪ್ಪ ಮುದ್ದೆಯ ಮೇಲೆ ಕೈಯಿಟ್ಟುಕೊಂಡು ಹಿತ್ತಲ ಬಾಗಿಲನ್ನೇ ನೋಡುತ್ತ ಕೂತಿದ್ದ. ಅಕ್ಕ ಎದ್ದು ಸಾರನ್ನು ಮತ್ತೆ ಒಲೆಯ ಮೇಲಿಟ್ಟಳು.

"ಬಂದ್ಯಾ?" ಎಂದ ಭಾವ. "ಕೂತ್ಕೋ ಮತ್ತೆ, ಉಣ್ಣೋಣ."